ಅಮೆರಿಕದ ಅಧ್ಯಕ್ಷರಿಗೆ ಹಿತಾಸಕ್ತಿ ಸಂಘರ್ಷದ ಕಾನೂನು ಯಾಕೆ ಅನ್ವಯಿಸಲ್ಲ?

ಹರಿಹರದ_ಹುಡುಗ
ಎಲ್ಲರಿಗೂ ನಮಸ್ಕಾರ. ಕತಾರ್ ಕೊಟ್ಟ ವಿಮಾನದ ಸುದ್ದಿ ಓದಿದಾಗಿನಿಂದ ಈ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ಬೋಯಿಂಗ್ 747, ಬೆಲೆ ಸುಮಾರು 40 ಕೋಟಿ ಡಾಲರ್. 2025ರ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಅದನ್ನು ಪಡೆದುಕೊಂಡಿತು. ಟ್ರಂಪ್ ಅಧಿಕಾರ ಬಿಟ್ಟ ಮೇಲೆ ಅದು ಅವರ ಅಧ್ಯಕ್ಷೀಯ ಗ್ರಂಥಾಲಯಕ್ಕೆ (ಮಾಜಿ ಅಧ್ಯಕ್ಷರ ದಾಖಲೆ, ವಸ್ತುಗಳನ್ನು ಇಡುವ ಸಂಸ್ಥೆ) ಹೋಗಲಿದೆ ಎಂದು ಅವರೇ ಹೇಳಿದ್ದರು.

ಆದರೆ ಅವರ ಸಂವಿಧಾನದ ಒಂದನೇ ವಿಧಿಯಲ್ಲೇ ಒಂದು ಸಾಲು ಇದೆ. ಸರ್ಕಾರಿ ಹುದ್ದೆಯಲ್ಲಿರುವವರು ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಒಪ್ಪಿಗೆ ಇಲ್ಲದೆ ಯಾವ ರಾಜನಿಂದಲೂ, ರಾಜಕುಮಾರನಿಂದಲೂ, ವಿದೇಶಿ ಸರ್ಕಾರದಿಂದಲೂ ಉಡುಗೊರೆ, ಹಣಕಾಸಿನ ಲಾಭ, ಹುದ್ದೆ, ಬಿರುದು ತೆಗೆದುಕೊಳ್ಳುವ ಹಾಗಿಲ್ಲ. ಇದನ್ನು ಎಮೊಲ್ಯುಮೆಂಟ್ಸ್ ಕ್ಲಾಸ್ ಅಂತಾರೆ.

ನನ್ನ ಪ್ರಶ್ನೆ ಎರಡು. ಒಬ್ಬ ಗುಮಾಸ್ತನಿಗೆ ಅನ್ವಯಿಸುವ ಹಿತಾಸಕ್ತಿ ಸಂಘರ್ಷದ ಕಾನೂನು ಅಧ್ಯಕ್ಷರಿಗೆ ಯಾಕಿಲ್ಲ? ಇಷ್ಟು ಸ್ಪಷ್ಟವಾದ ಸಾಲು ಸಂವಿಧಾನದಲ್ಲಿದ್ದರೂ ಕೋರ್ಟ್ ಯಾಕೆ ತೀರ್ಪು ಕೊಟ್ಟಿಲ್ಲ? ಪಕ್ಷದ ಜಗಳ ಬೇಡ, ಕಾನೂನು ತಿಳಿದವರು ಹೇಳಿ.

ಕಡ್ಲೆಪುರಿ
ದುಡ್ಡಿದ್ದವರಿಗೆ ಒಂದು ಕಾನೂನು, ಉಳಿದವರಿಗೆ ಇನ್ನೊಂದು. ಇದರಲ್ಲಿ ಹೊಸದೇನಿದೆ?

ಕೋರ್ಟ್_ಕಟ್ಟೆ
ಕಡ್ಲೆಪುರಿ ಅವರೇ, ವಿಷಯ ಅಷ್ಟು ಸರಳ ಅಲ್ಲ. ಮೊದಲ ಪ್ರಶ್ನೆಗೆ ಉತ್ತರ ಕಾನೂನು ಪುಸ್ತಕದಲ್ಲೇ ಇದೆ.

ಅಮೆರಿಕದ ದಂಡಸಂಹಿತೆಯ 18ನೇ ಶೀರ್ಷಿಕೆಯಲ್ಲಿ ಸೆಕ್ಷನ್ 208 ಅಂತ ಇದೆ. ಸರ್ಕಾರಿ ನೌಕರ ತನಗೆ, ಹೆಂಡತಿಗೆ ಅಥವಾ ಗಂಡನಿಗೆ, ಚಿಕ್ಕ ಮಕ್ಕಳಿಗೆ ಹಣಕಾಸಿನ ಸಂಬಂಧ ಇರುವ ಕಡತ ಮುಟ್ಟುವಂತಿಲ್ಲ. ಮುಟ್ಟಿದರೆ ಅಪರಾಧ. ಮಂತ್ರಿಗಳಿಗೂ ಇದು ಅನ್ವಯಿಸುತ್ತದೆ, ಅದಕ್ಕೇ ಅವರು ಸೇರುವ ಮೊದಲು ಷೇರು ಮಾರುತ್ತಾರೆ. 1974ರಲ್ಲಿ ನೆಲ್ಸನ್ ರಾಕ್‌ಫೆಲರ್ ಉಪಾಧ್ಯಕ್ಷರಾಗಿ ನೇಮಕವಾಗುವಾಗ ಈ ಪ್ರಶ್ನೆ ಎದ್ದಿತು. ಎಣ್ಣೆ ವ್ಯಾಪಾರದಲ್ಲಿ ಗಳಿಸಿದ ಆ ಕುಟುಂಬದ ಭಾರೀ ಆಸ್ತಿ ಗೊತ್ತಲ್ಲ. ಆಗ ನ್ಯಾಯ ಇಲಾಖೆಯ ಲಾರೆನ್ಸ್ ಸಿಲ್ಬರ್‌ಮನ್ ಒಂದು ಪತ್ರ ಬರೆದು, ಈ ಸೆಕ್ಷನ್ ಅಧ್ಯಕ್ಷ, ಉಪಾಧ್ಯಕ್ಷರಿಗೆ ಅನ್ವಯಿಸುವುದಿಲ್ಲ ಎಂದರು. 1989ರಲ್ಲಿ ಕಾಂಗ್ರೆಸ್ ಅದನ್ನೇ ಕಾಯ್ದೆಗೆ ಸೇರಿಸಿತು. ಸಂಸತ್ ಸದಸ್ಯರು, ಫೆಡರಲ್ (ಕೇಂದ್ರದ) ನ್ಯಾಯಾಧೀಶರು ಕೂಡ ಆ ಸೆಕ್ಷನ್‌ನಿಂದ ಹೊರಗಿದ್ದಾರೆ.

ಕಾರಣವೂ ಪೊಳ್ಳಲ್ಲ. ಒಬ್ಬ ಅಧಿಕಾರಿ ಹಿಂದೆ ಸರಿದರೆ ಕಡತ ಇನ್ನೊಬ್ಬರ ಮೇಜಿಗೆ ಹೋಗುತ್ತದೆ. ಅಧ್ಯಕ್ಷರು ಹಿಂದೆ ಸರಿದರೆ ಯಾರ ಮೇಜಿಗೆ? ಕಾರ್ಯಾಂಗದ ಅಧಿಕಾರ ಪೂರ್ತಿ ಒಬ್ಬರ ಕೈಗೇ ಕೊಟ್ಟ ಸಂವಿಧಾನ ಅದು. ತೆರಿಗೆ, ಯುದ್ಧ, ಬಡ್ಡಿ, ಆಮದು ಸುಂಕ ಎಲ್ಲವೂ ಯಾರದೋ ಆಸ್ತಿಗೆ ತಾಗುತ್ತದೆ.

ಹರಿಹರದ_ಹುಡುಗ
ಸರ್, ಹಿಂದೆ ಸರಿಯಲು ಆಗಲ್ಲ, ಸರಿ. ಆಸ್ತಿ ಮಾರಲು ಏನು ತೊಂದರೆ?

ಕೋರ್ಟ್_ಕಟ್ಟೆ
ತೊಂದರೆ ಇಲ್ಲ. ಆದರೆ ಮಾರಲೇಬೇಕು ಎಂಬ ಕಾಯ್ದೆ ಇಲ್ಲ. ವಾಟರ್‌ಗೇಟ್ ಹಗರಣ ಆದ ಮೇಲೆ 1978ರಲ್ಲಿ ಬಂದ ಎಥಿಕ್ಸ್ ಇನ್ ಗವರ್ನಮೆಂಟ್ ಕಾಯ್ದೆ ಅಧ್ಯಕ್ಷರೂ ಆಸ್ತಿ ಘೋಷಿಸಬೇಕು ಎಂದಿತು. 2012ರ ಸ್ಟಾಕ್ ಕಾಯ್ದೆ ಷೇರು ವಹಿವಾಟನ್ನೂ ವರದಿ ಮಾಡಿ ಎಂದಿತು. ಎರಡೂ ಕೇಳುವುದು ಹೇಳಿ ಅಂತ, ಬಿಡಿ ಅಂತ ಅಲ್ಲ.

ಪೊಟೊಮ್ಯಾಕ್_ಪದ್ಮ
ನಾನು ಇಲ್ಲಿ ಅಮೆರಿಕದಲ್ಲಿ ಫೆಡರಲ್ ಇಲಾಖೆಯೊಂದರಲ್ಲಿ ಕೆಲಸ ಮಾಡುತ್ತೇನೆ, ಅದಕ್ಕೇ ಈ ವಿಷಯ ಬಂದರೆ ಸುಮ್ನೆ ಇರಲು ಆಗಲ್ಲ. ನಮಗೆ ಹೊರಗಿನವರಿಂದ ಒಂದು ಸಲಕ್ಕೆ 20 ಡಾಲರ್, ಒಬ್ಬರಿಂದಲೇ ವರ್ಷಕ್ಕೆ 50 ಡಾಲರ್. ಅದಕ್ಕಿಂತ ಜಾಸ್ತಿ ಬೆಲೆಯದ್ದು ಮುಟ್ಟುವ ಹಾಗಿಲ್ಲ. ಒಂದು ದೀಪಾವಳಿಗೆ ಗುತ್ತಿಗೆ ಕಂಪನಿಯ ನಮ್ಮ ಕಡೆಯವರೇ ಒಬ್ಬರು ಮೈಸೂರು ಪಾಕಿನ ಡಬ್ಬಿ, ಜೊತೆಗೆ ಒಂದು ರೇಷ್ಮೆ ಸೀರೆ ತಂದುಕೊಟ್ಟರು. ಪ್ರೀತಿಯಿಂದ ತಂದದ್ದು, ಏನೂ ಕೇಳಲಿಲ್ಲ. ಸಿಹಿ ಇಟ್ಟುಕೊಂಡು ಸೀರೆ ವಾಪಸ್ ಕೊಟ್ಟೆ. ಅವರ ಮುಖ ಸಣ್ಣದಾಯಿತು, ನನಗೂ ಬೇಜಾರಾಯಿತು. ಆದರೆ ಅವರ ಬಿಲ್ ನನ್ನ ಮೇಜಿಗೇ ಬರುತ್ತದೆ. ಸೀರೆ ಉಟ್ಟುಕೊಂಡು ನಾನು ಆ ಬಿಲ್ ನೋಡಿದರೆ ಪಕ್ಕದ ಮೇಜಿನವಳು ಏನಂದುಕೊಳ್ಳಬೇಕು?

ಇಡೀ ಆಫೀಸಿಗೆ ವರ್ಷಕ್ಕೊಮ್ಮೆ ಈ ನಿಯಮಗಳ ತರಬೇತಿ ಇರುತ್ತದೆ. ಮೇಲಿನವರಿಗೆ ಒಂದು ತರ, ನಮಗೆ ಒಂದು ತರ ಎಂದು ಕಿರಿಯರು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಉತ್ತರ_ಕಡೆಯವ
ಅಲ್ರೀ ಪದ್ಮಾ ಅವರೇ, ನಿಮ್ಮನ್ನು ಯಾರೂ ಆರಿಸಿಲ್ಲ. ಟ್ರಂಪ್ ಅವರನ್ನು ಜನ ಆರಿಸಿದ್ದಾರೆ. ಹೋಟೆಲ್, ಗಾಲ್ಫ್ ಕ್ಲಬ್ ಇರೋದು ಎಲ್ಲರಿಗೂ ಗೊತ್ತಿದ್ದೇ ಓಟು ಹಾಕಿದರು. 2024ರಲ್ಲಿ ಮತ್ತೆ ಹಾಕಿದರು. ಮತದಾರರಿಗಿಂತ ದೊಡ್ಡ ಕೋರ್ಟ್ ಯಾವುದು?

ಮತ್ತೆ ಇದು ಒಂದೇ ಪಕ್ಷದ ಕಥೆ ಅಲ್ಲ. ಹಿಲರಿ ಕ್ಲಿಂಟನ್ ವಿದೇಶಾಂಗ ಸಚಿವೆ ಆಗಿದ್ದಾಗಲೇ ಕ್ಲಿಂಟನ್ ಫೌಂಡೇಶನ್‌ಗೆ ಅಲ್ಜೀರಿಯಾ ಸರ್ಕಾರ 2010ರಲ್ಲಿ 5 ಲಕ್ಷ ಡಾಲರ್ ಕೊಟ್ಟಿತ್ತು. ಮೊದಲೇ ಇಲಾಖೆಯ ಒಪ್ಪಿಗೆ ತೆಗೆದುಕೊಳ್ಳಬೇಕಿತ್ತು, ತೆಗೆದುಕೊಂಡಿರಲಿಲ್ಲ. ಬೈಡನ್ ಮಗ ಹಂಟರ್ ಉಕ್ರೇನಿನ ಬುರಿಸ್ಮಾ ಕಂಪನಿ ಬೋರ್ಡಿನಲ್ಲಿ ಕೂತಿದ್ದು ಅಪ್ಪ ಉಪಾಧ್ಯಕ್ಷ ಆಗಿದ್ದಾಗ. 2024ರ ಡಿಸೆಂಬರ್ 1ರಂದು ಅದೇ ಅಪ್ಪ ಮಗನಿಗೆ ಕ್ಷಮಾದಾನ ಕೊಟ್ಟರು. ಇದರ ಬಗ್ಗೆ ಯಾರಾದರೂ ಎಳೆ ಶುರು ಮಾಡಿದ್ರಾ?

ಹರಿಹರದ_ಹುಡುಗ
ಈ ಎಳೆಯಲ್ಲೇ ಬರೆಯಿರಿ ಸರ್, ಯಾರೂ ಬೇಡ ಅನ್ನಲ್ಲ. ಹಂಟರ್ ವಿಷಯವೂ ತಪ್ಪೇ. ಆದರೆ ಅದು ತಪ್ಪು ಅಂದ ಕೂಡಲೇ ಇದು ಸರಿ ಆಗಲ್ಲ ಅಲ್ವಾ?

ಇತಿಹಾಸ_ಪ್ರಿಯೆ
ಈ ಸಾಲು ಹೇಗೆ ಬಂತು ಅನ್ನುವುದನ್ನು ಯಾರೂ ಹೇಳಲಿಲ್ಲ. ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಬೆಂಜಮಿನ್ ಫ್ರಾಂಕ್ಲಿನ್ ಪ್ಯಾರಿಸ್ಸಿನಲ್ಲಿ ರಾಯಭಾರಿ ಆಗಿದ್ದರು. 1785ರಲ್ಲಿ ಊರಿಗೆ ಹೊರಡುವಾಗ ಫ್ರಾನ್ಸಿನ ರಾಜ 16ನೇ ಲೂಯಿ ಒಂದು ಉಡುಗೊರೆ ಕೊಟ್ಟ. ನಶ್ಯದ ಡಬ್ಬಿ ಎಂದೇ ಅದಕ್ಕೆ ಹೆಸರು. ಅದರಲ್ಲಿ ಅಂಗೈಗಿಂತ ಚಿಕ್ಕದಾದ ರಾಜನ ಚಿತ್ರ, ಸುತ್ತಲೂ ಸಾಲುಸಾಲಾಗಿ 408 ವಜ್ರ. ಯುರೋಪಿನಲ್ಲಿ ಹೊರಡುವ ರಾಯಭಾರಿಗೆ ಹೀಗೆ ಕೊಡುವುದು ಮಾಮೂಲಿ. ಆದರೆ ರಾಜರನ್ನು ಬಿಟ್ಟು ಬಂದ ಹೊಸ ದೇಶಕ್ಕೆ ಇದು ಇರಿಸುಮುರಿಸು. ಆಗಿನ ಒಕ್ಕೂಟದ ನಿಯಮದಲ್ಲೂ ಈ ನಿರ್ಬಂಧ ಇತ್ತು. ಫ್ರಾಂಕ್ಲಿನ್ ವಿಷಯ ಕಾಂಗ್ರೆಸ್ ಮುಂದಿಟ್ಟರು, ಕಾಂಗ್ರೆಸ್ ಇಟ್ಟುಕೊಳ್ಳಿ ಎಂದಿತು. ವಿದೇಶ ವ್ಯವಹಾರ ನೋಡುತ್ತಿದ್ದ ಜಾನ್ ಜೇ ಅವರಿಗೆ ಸ್ಪೇನಿನ ರಾಜ ಕುದುರೆ ಕೊಟ್ಟಾಗಲೂ ಹಾಗೇ ಆಯಿತು. ಆಗ ಜೇ ಸ್ಪೇನಿನ ಜೊತೆಗೇ ಒಪ್ಪಂದದ ಮಾತುಕತೆ ನಡೆಸುತ್ತಿದ್ದರು, ಅದನ್ನು ನೆನಪಿಡಿ.

1787ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದ ಸಭೆಯಲ್ಲಿ ಚಾರ್ಲ್ಸ್ ಪಿಂಕ್ನಿ ಈ ನಿರ್ಬಂಧವನ್ನು ಹೊಸ ಸಂವಿಧಾನಕ್ಕೂ ಸೇರಿಸಿ ಎಂದರು. ಸೇರಿತು. ಮುಂದಿನ ವರ್ಷ ಆ ಸಂವಿಧಾನವನ್ನು ಒಪ್ಪಲು ಸೇರಿದ ವರ್ಜೀನಿಯಾದ ಸಭೆಯಲ್ಲಿ ಎಡ್ಮಂಡ್ ರ‍್ಯಾಂಡಾಲ್ಫ್ ಈ ಡಬ್ಬಿಯ ಪ್ರಸಂಗವನ್ನೇ ನೆನಪಿಸಿ ಸಾಲಿನ ಉದ್ದೇಶ ವಿವರಿಸಿದರು. ಅಧ್ಯಕ್ಷನಿಗೂ ಇದು ತಾಗುತ್ತದೆ ಎಂಬುದು ಅವರ ಮಾತಿನಲ್ಲಿ ಕಾಣುತ್ತದೆ.

ಫ್ರಾಂಕ್ಲಿನ್ ಆ ಚಿತ್ರವನ್ನು ಮಗಳು ಸಾರಾಗೆ ಉಯಿಲು ಬರೆದರು. ವಜ್ರ ಕಿತ್ತು ಒಡವೆ ಮಾಡಿಸಿಕೊಳ್ಳಬೇಡ ಎಂದೂ ಬರೆದರು. ಮಗಳು ಒಡವೆ ಮಾಡಿಸಲಿಲ್ಲ, ಆದರೆ ಒಂದಷ್ಟು ವಜ್ರ ಮಾರಿ ಯುರೋಪ್ ನೋಡಿಕೊಂಡು ಬಂದಳು.

ಮಂಗ್ಳೂರು_ಮಾಣಿ
ಮಗಳು ಹುಷಾರು ಮಾರಾಯ್ರೆ! ಆ ಡಬ್ಬಿ ಈಗ ಎಲ್ಲುಂಟು?

ಇತಿಹಾಸ_ಪ್ರಿಯೆ
ಫಿಲಡೆಲ್ಫಿಯಾದಲ್ಲಿ, ಅಮೆರಿಕನ್ ಫಿಲಾಸಫಿಕಲ್ ಸೊಸೈಟಿಯ ಸಂಗ್ರಹದಲ್ಲಿ. ಆ ಸಂಸ್ಥೆ ಕಟ್ಟಿದವರೂ ಫ್ರಾಂಕ್ಲಿನ್ನರೇ.

ಆಮೇಲಿನ ಅಧ್ಯಕ್ಷರು ಏನು ಮಾಡಿದರು ಅನ್ನುವುದೂ ಮುಖ್ಯ. 1830ರಲ್ಲಿ ದಕ್ಷಿಣ ಅಮೆರಿಕದ ನಾಯಕ ಸಿಮೋನ್ ಬೊಲಿವಾರ್ ಕಳಿಸಿದ ಚಿನ್ನದ ಪದಕವನ್ನು ಆಂಡ್ರ್ಯೂ ಜಾಕ್ಸನ್ ಕಾಂಗ್ರೆಸ್ ಮುಂದಿಟ್ಟರು, ಇಟ್ಟುಕೊಳ್ಳಲು ಒಪ್ಪಿಗೆ ಸಿಗಲಿಲ್ಲ. 1840ರಲ್ಲಿ ಮಸ್ಕತ್ತಿನ ಇಮಾಮ್ ವ್ಯಾನ್ ಬ್ಯೂರನ್ ಅವರಿಗೆ ಅರಬ್ಬೀ ಕುದುರೆ, ಮುತ್ತು, ಅತ್ತರು ಕಳಿಸಿದಾಗ ಅವರೂ ಕೇಳಿದರು. 1862ರಲ್ಲಿ ಸಯಾಮಿನ (ಈಗಿನ ಥಾಯ್ಲೆಂಡ್) ರಾಜ ಕತ್ತಿ, ಆನೆದಂತ ಕಳಿಸಿದಾಗ ಲಿಂಕನ್ನರೂ ಕೇಳಿದರು, ಅಂತರ್ಯುದ್ಧದ ನಡುವೆ! ಕೇಳುವುದು ಕಷ್ಟದ ಕೆಲಸ ಆಗಿರಲಿಲ್ಲ. ನನಗೆ ನೋವಾಗುವುದು ಇಲ್ಲೇ. ಈಗ ಕೇಳುವುದನ್ನೇ ಬಿಟ್ಟರು.

ಉತ್ತರ_ಕಡೆಯವ
ಇತಿಹಾಸದ ಇನ್ನೊಂದು ಪುಟವನ್ನೂ ಓದ್ರಿ ಮೇಡಂ. 1791ರಲ್ಲಿ ಫ್ರೆಂಚ್ ರಾಯಭಾರಿ ಟೆರ್ನಾ, 16ನೇ ಲೂಯಿಯ ಚಿತ್ರವನ್ನು ಚೌಕಟ್ಟು ಸಮೇತ ಜಾರ್ಜ್ ವಾಷಿಂಗ್ಟನ್ನರಿಗೆ ಕೊಟ್ಟರು. ವಾಷಿಂಗ್ಟನ್ ತೆಗೆದುಕೊಂಡರು, ಕಾಂಗ್ರೆಸ್ಸನ್ನು ಕೇಳಲಿಲ್ಲ. 1793ರಲ್ಲಿ ಹೊಸ ರಾಜಧಾನಿಯಲ್ಲಿ ಸರ್ಕಾರಿ ಹರಾಜಿನಲ್ಲಿ ಸೈಟು ಖರೀದಿಸಿದರು. ಆ ಸಂವಿಧಾನ ಬರೆದ ಸಭೆಗೆ ಅಧ್ಯಕ್ಷತೆ ವಹಿಸಿದವರೇ ಅವರು. ಇದನ್ನು ಇಟ್ಟುಕೊಂಡೇ ಸೆತ್ ಬ್ಯಾರೆಟ್ ಟಿಲ್‌ಮನ್ ಎಂಬ ವಿದ್ವಾಂಸರು ಈ ಸಾಲು ಚುನಾಯಿತ ಅಧ್ಯಕ್ಷರಿಗೆ ಅನ್ವಯಿಸಲ್ಲ ಅಂತ ವಾದಿಸುತ್ತಾರೆ.

ಕೋರ್ಟ್_ಕಟ್ಟೆ
ಒಳ್ಳೆಯ ವಾದ, ಉತ್ತರ ಕೊಡಬೇಕಾದ್ದು. ಆದರೆ ಟ್ರಂಪ್ ಮೇಲೆ ಇದೇ ಸಾಲಿನ ಕೇಸು ನಡೆದಾಗ ಅವರ ಪರ ವಾದಿಸಿದ ನ್ಯಾಯ ಇಲಾಖೆಯೇ ಆ ದಾರಿ ಹಿಡಿಯಲಿಲ್ಲ. ಸಾಲು ಅಧ್ಯಕ್ಷರಿಗೆ ಅನ್ವಯಿಸುತ್ತದೆ ಎಂದಿಟ್ಟುಕೊಂಡೇ, ಮಾರುಕಟ್ಟೆ ದರದಲ್ಲಿ ಹೋಟೆಲ್ ಕೋಣೆ ಕೊಟ್ಟು ಪಡೆದ ಬಾಡಿಗೆ ಈ ಸಾಲಿನೊಳಗೆ ಬರುವುದಿಲ್ಲ, ಹುದ್ದೆಗಾಗಿ ಕೊಟ್ಟ ಸಂಭಾವನೆ ಮಾತ್ರ ಬರುತ್ತದೆ ಎಂದರು. 2018ರಲ್ಲಿ ಮೇರಿಲ್ಯಾಂಡಿನ ಜಿಲ್ಲಾ ನ್ಯಾಯಾಧೀಶ ಪೀಟರ್ ಮೆಸಿಟ್ ಇದನ್ನು ಒಪ್ಪಲಿಲ್ಲ. ಯಾವುದೇ ಲಾಭ ಬಂದರೂ ಅದು ಸೇರುತ್ತದೆ ಎಂದರು.

ಇನ್ನೊಂದು ಉದಾಹರಣೆ. 2009ರಲ್ಲಿ ಒಬಾಮಾ ನೊಬೆಲ್ ಶಾಂತಿ ಪ್ರಶಸ್ತಿ ಪಡೆಯುವ ಮೊದಲು ನ್ಯಾಯ ಇಲಾಖೆಯ ಲಿಖಿತ ಅಭಿಪ್ರಾಯ ಬಂತು. ನೊಬೆಲ್ ಸಮಿತಿ ವಿದೇಶಿ ಸರ್ಕಾರ ಅಲ್ಲ, ಆದ್ದರಿಂದ ತೊಂದರೆ ಇಲ್ಲ ಎಂದಿತ್ತು. ಸಾಲು ಅಧ್ಯಕ್ಷರಿಗೆ ತಾಗುತ್ತದೆ ಎಂದು ಒಪ್ಪಿಕೊಂಡೇ ಬರೆದ ಅಭಿಪ್ರಾಯ ಅದು.

ಡೆಟ್ರಾಯಿಟ್_ದೋಸೆ
ಟ್ರಂಪ್ ಅವರ 2017ರ ಜನವರಿ 11ರ ಪತ್ರಿಕಾಗೋಷ್ಠಿಯನ್ನು ನಾನು ಟಿವಿಯಲ್ಲಿ ನೋಡಿದ್ದೆ. ಮೇಜಿನ ಮೇಲೆ ಕಂದು ಬಣ್ಣದ ಫೋಲ್ಡರ್‌ಗಳ ರಾಶಿ. ವ್ಯವಹಾರವನ್ನು ಮಕ್ಕಳಿಗೆ ವಹಿಸಿದ ದಾಖಲೆಗಳು ಇವು ಅಂದರು. ಪತ್ರಕರ್ತರಿಗೆ ತೆರೆದು ನೋಡಲು ಬಿಡಲಿಲ್ಲ. ವಕೀಲೆ ಶೆರಿ ಡಿಲನ್ ಬಂದು ಯೋಜನೆ ವಿವರಿಸಿದರು. ಮಾಲೀಕತ್ವ ಅವರದ್ದೇ, ನಡೆಸುವವರು ಮಾತ್ರ ಮಕ್ಕಳು. ಅದೇ ದಿನ ಸರ್ಕಾರಿ ನೈತಿಕತೆ ನೋಡಿಕೊಳ್ಳುವ ಕಚೇರಿಯ ಮುಖ್ಯಸ್ಥ ವಾಲ್ಟರ್ ಶಾಬ್ ಇದು ಸಾಲದು ಎಂದು ಬಹಿರಂಗವಾಗಿ ಹೇಳಿದರು. ಜುಲೈನಲ್ಲಿ ಹುದ್ದೆ ಬಿಟ್ಟರು.

ಜಿಮ್ಮಿ ಕಾರ್ಟರ್ ಕಡಲೆಕಾಯಿ ಹೊಲ ಮಾರಿಯೇ ಅಧ್ಯಕ್ಷರಾದರು. ಎಂಥ ವ್ಯತ್ಯಾಸ!

ಇತಿಹಾಸ_ಪ್ರಿಯೆ
ಕಾರ್ಟರ್ ಮಾರಿರಲಿಲ್ಲ. ಇದು ವಾಟ್ಸಾಪಿನಲ್ಲಿ ಓಡಾಡುವ ಮಾತು. ಜಾರ್ಜಿಯಾದ ಪ್ಲೇನ್ಸ್ ಊರಿನಲ್ಲಿದ್ದ ಗೋದಾಮಿನ ವ್ಯವಹಾರವನ್ನು 1977ರಲ್ಲಿ ಟ್ರಸ್ಟಿಗೆ ಒಪ್ಪಿಸಿದರು. ಟ್ರಸ್ಟಿ ಅವರ ಗೆಳೆಯ, ವಕೀಲ ಚಾರ್ಲ್ಸ್ ಕಿರ್ಬೋ. ಆದರೂ ಆ ಗೋದಾಮು ಪಡೆದ ಬ್ಯಾಂಕ್ ಸಾಲದ ಬಗ್ಗೆ ಅನುಮಾನ ಎದ್ದು 1979ರಲ್ಲಿ ಪಾಲ್ ಕರನ್ ಎಂಬ ವಿಶೇಷ ವಕೀಲರು ತನಿಖೆ ನಡೆಸಿದರು. ಅಧ್ಯಕ್ಷರು ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು. ತಪ್ಪು ಸಿಗಲಿಲ್ಲ. ಅಧಿಕಾರ ಬಿಟ್ಟು ಊರಿಗೆ ಬಂದಾಗ ವ್ಯವಹಾರದ ಮೇಲೆ ಸುಮಾರು 10 ಲಕ್ಷ ಡಾಲರ್ ಸಾಲ ಇತ್ತು. ಮಾರಿದ್ದು ಆಮೇಲೆ, 1981ರಲ್ಲಿ.

ಡೆಟ್ರಾಯಿಟ್_ದೋಸೆ
ಸರಿ, ಟ್ರಸ್ಟ್. ನನ್ನ ಮಾತಿನ ತಾತ್ಪರ್ಯ ಬದಲಾಗಲ್ಲ. ಒಬ್ಬರು ತನಿಖೆಗೆ ಕೂತರು, ಇನ್ನೊಬ್ಬರು ಫೋಲ್ಡರ್ ತೆರೆಯಲಿಲ್ಲ.

ಉತ್ತರ_ಕಡೆಯವ
ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಹೆಸರು ಯಾರೂ ಎತ್ತಲಿಲ್ಲ ನೋಡ್ರಿ. ಆಸ್ಟಿನ್‌ನ ಕೆಟಿಬಿಸಿ ರೇಡಿಯೋ, ಟಿವಿ ಹೆಂಡತಿ ಹೆಸರಿನಲ್ಲಿತ್ತು. ಅದಕ್ಕೆ ಲೈಸೆನ್ಸ್ ಕೊಡುವುದು ಫೆಡರಲ್ ಸಂಸ್ಥೆ. ಟ್ರಸ್ಟ್ ಮಾಡಿದ್ದರೂ ಅವರು ಅದರ ವ್ಯವಹಾರದಲ್ಲಿ ಕೈ ಆಡಿಸುತ್ತಲೇ ಇದ್ದರು.

ಲೆಕ್ಕದ_ಪುಸ್ತಕ
ಹೋಟೆಲ್ ಲೆಕ್ಕಕ್ಕೆ ಬರೋಣ. ನಾನು ಆಡಿಟ್ ಕೆಲಸದವನು, ನನಗೆ ಕಾಗದ ಮುಖ್ಯ.

ವಾಷಿಂಗ್ಟನ್ನಿನ ಹಳೇ ಅಂಚೆ ಕಚೇರಿ ಕಟ್ಟಡ ಸರ್ಕಾರದ್ದು. ಟ್ರಂಪ್ ಕಂಪನಿ ಅದನ್ನು ಲೀಸ್‌ಗೆ ಪಡೆದು 2016ರಲ್ಲಿ ಹೋಟೆಲ್ ತೆರೆಯಿತು. ಲೀಸ್ ಪತ್ರದಲ್ಲೇ ಒಂದು ಷರತ್ತು ಇತ್ತು. ಅಮೆರಿಕ ಸರ್ಕಾರದ ಯಾವ ಚುನಾಯಿತ ಅಧಿಕಾರಿಗೂ ಈ ಲೀಸ್‌ನಲ್ಲಿ ಪಾಲಾಗಲಿ, ಅದರ ಲಾಭವಾಗಲಿ ಸಿಗಬಾರದು. 2017ರ ಜನವರಿ 20ರಿಂದ ಬಾಡಿಗೆದಾರರೂ ಟ್ರಂಪ್ ಅವರೇ, ಕಟ್ಟಡದ ಮಾಲೀಕ ಇಲಾಖೆಯ ಮೇಲಧಿಕಾರಿಯೂ ಅವರೇ. ಮಾರ್ಚ್‌ನಲ್ಲಿ ಇಲಾಖೆ ಷರತ್ತು ಮುರಿದಿಲ್ಲ ಎಂದಿತು. 2019ರಲ್ಲಿ ಅದೇ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ (ಆಂತರಿಕ ತನಿಖಾಧಿಕಾರಿ), ವಕೀಲರು ಸಂವಿಧಾನದ ಪ್ರಶ್ನೆಯನ್ನು ನೋಡಲೇ ಇಲ್ಲ ಎಂದು ವರದಿ ಕೊಟ್ಟರು.

ವಿದೇಶಿ ಸರ್ಕಾರಗಳಿಂದ ಬಂದ ಲಾಭ ಖಜಾನೆಗೆ ಕಟ್ಟುತ್ತೇವೆ ಎಂದು ಕಂಪನಿ ಹೇಳಿತ್ತು. 2017ರ ಲೆಕ್ಕಕ್ಕೆ 1,51,470 ಡಾಲರ್ ಕಟ್ಟಿತು. ಲಾಭ ಹೇಗೆ ಎಣಿಸಿದರು ಎಂಬ ವಿವರ ಹೊರಗೆ ಬರಲಿಲ್ಲ. 2024ರ ಜನವರಿಯಲ್ಲಿ ಪ್ರತಿನಿಧಿ ಸಭೆಯ ಡೆಮಾಕ್ರಟ್ ಸದಸ್ಯರು ಟ್ರಂಪ್ ಅವರ ಲೆಕ್ಕ ನೋಡುತ್ತಿದ್ದ ಮಜಾರ್ಸ್ ಸಂಸ್ಥೆಯ ದಾಖಲೆ ನೋಡಿ ಬರೆದ ವರದಿ ಬಂತು. ಕನಿಷ್ಠ 20 ದೇಶಗಳಿಂದ ಟ್ರಂಪ್ ಆಸ್ತಿಗಳಿಗೆ 78 ಲಕ್ಷ ಡಾಲರ್, ಅದರಲ್ಲಿ ಚೀನಾ ಕಡೆಯಿಂದಲೇ 55 ಲಕ್ಷಕ್ಕೂ ಜಾಸ್ತಿ. ಒಂದು ವಿಷಯ ನ್ಯಾಯವಾಗಿ ಹೇಳಬೇಕು: 78 ಲಕ್ಷ ಎಂದರೆ ಬಂದ ಹಣ, ಲಾಭ ಅಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಜಗಳ ಮಾಡಬೇಡಿ.

ಉತ್ತರ_ಕಡೆಯವ
ಹೌದು, ಆ ವರದಿ ಒಂದು ಪಕ್ಷದವರು ಬರೆದದ್ದು. ಅದನ್ನೂ ಹೇಳಿದ್ದಕ್ಕೆ ಧನ್ಯವಾದ.

ಹರಿಹರದ_ಹುಡುಗ
ನನ್ನ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಕೇಸುಗಳು ಏನಾದವು?

ಕೋರ್ಟ್_ಕಟ್ಟೆ
ಈ ಸಾಲಿನಡಿ ಟ್ರಂಪ್ ಮೇಲೆ ಮೂರು ಮುಖ್ಯ ಕೇಸು. ಮೂರರಲ್ಲೂ ನಡೆದ ಹೆಚ್ಚಿನ ಜಗಳ ಒಂದೇ: ಕೋರ್ಟಿಗೆ ಬರಲು ನೀವು ಯಾರು?

ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ಕಾನೂನು ಮುರಿದಿದ್ದಾರೆ ಎಂದು ತೋರಿಸಿದರೆ ಸಾಲದು. ಅದರಿಂದ ನಿಮಗೆ, ನಿಮಗೇ, ನಷ್ಟ ಆಗಿರಬೇಕು. ಇದನ್ನು ಸ್ಟ್ಯಾಂಡಿಂಗ್ ಅಂತಾರೆ. ನಮ್ಮಲ್ಲಿ 1981ರ ಎಸ್.ಪಿ. ಗುಪ್ತಾ ತೀರ್ಪಿನ ನಂತರ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಬಾಗಿಲು ಅಗಲ ಆಯಿತು. ಬೆಂಗಳೂರಿನ ಕೆರೆ ಒತ್ತುವರಿ ಬಗ್ಗೆ ಆ ಕೆರೆಯ ನೀರು ಕುಡಿಯದವರೂ ಹೈಕೋರ್ಟಿಗೆ ಹೋಗಬಹುದು. ಅಲ್ಲಿ ಹಾಗಿಲ್ಲ.

ಮೊದಲನೆಯದು ನ್ಯೂಯಾರ್ಕ್ ಕೇಸು. ಸರ್ಕಾರದ ನಡತೆಯ ಮೇಲೆ ಕಣ್ಣಿಡುವ ಕ್ರೂ ಎಂಬ ಸಂಸ್ಥೆ, ಜೊತೆಗೆ ಹೋಟೆಲ್, ರೆಸ್ಟೋರೆಂಟ್ ಕ್ಷೇತ್ರದವರು. ನಮ್ಮ ಗಿರಾಕಿಗಳು ಅಧ್ಯಕ್ಷರನ್ನು ಮೆಚ್ಚಿಸಲು ಆ ಕಡೆ ಹೋಗುತ್ತಿದ್ದಾರೆ ಎಂಬುದು ಇವರ ದೂರು. 2017ರ ಡಿಸೆಂಬರ್‌ನಲ್ಲಿ ವಜಾ, 2019ರಲ್ಲಿ ಮೇಲ್ಮನವಿಯಲ್ಲಿ ಮತ್ತೆ ಜೀವ. ಎರಡನೆಯದು ಮೇರಿಲ್ಯಾಂಡ್ ರಾಜ್ಯ ಮತ್ತು ವಾಷಿಂಗ್ಟನ್ ನಗರದ್ದು. 2019ರಲ್ಲಿ ಮೂವರು ನ್ಯಾಯಾಧೀಶರ ಪೀಠ ವಜಾ ಮಾಡಿತು, 2020ರ ಮೇನಲ್ಲಿ ಪೂರ್ಣ ಪೀಠ 9–6ರಿಂದ ಅದನ್ನು ಉಳಿಸಿತು. ಮೂರನೆಯದು ಸೆನೆಟರ್ ಬ್ಲೂಮೆಂಥಾಲ್ ಮತ್ತು ಇತರ ಸಂಸತ್ ಸದಸ್ಯರು, ಒಟ್ಟು 215 ಜನ. ನಮ್ಮ ಒಪ್ಪಿಗೆ ಕೇಳಬೇಕಿತ್ತು, ಕೇಳಲಿಲ್ಲ ಎಂಬ ನೇರ ದೂರು. 2020ರ ಫೆಬ್ರವರಿಯಲ್ಲಿ ಕೋರ್ಟ್ ಹೇಳಿತು: ಕಾಂಗ್ರೆಸ್ ಒಂದು ಸಂಸ್ಥೆ, ನೀವು ಬಿಡಿ ಸದಸ್ಯರು, ಬಿಡಿಬಿಡಿಯಾಗಿ ಬರುವಂತಿಲ್ಲ.

ಕೊನೆಗೆ 2021ರ ಜನವರಿ 25. ಟ್ರಂಪ್ ಅಧಿಕಾರ ಬಿಟ್ಟು ವಾರವೂ ಆಗಿಲ್ಲ. ಸುಪ್ರೀಂ ಕೋರ್ಟ್ ಮೊದಲ ಎರಡೂ ಕೇಸುಗಳನ್ನು ಈಗ ಪ್ರಸ್ತುತ ಅಲ್ಲ ಎಂದು ಮುಗಿಸಿತು. ಅಷ್ಟೇ ಅಲ್ಲ, ಮೇಲ್ಮನವಿ ಕೋರ್ಟುಗಳ ತೀರ್ಪುಗಳನ್ನೂ ಅಳಿಸಿಹಾಕಿತು. ನಾಲ್ಕು ವರ್ಷ ಬಾಗಿಲಲ್ಲೇ ವಾದ ನಡೆದು, ಒಳಗೆ ಹೋಗುವಷ್ಟರಲ್ಲಿ ಆಫೀಸ್ ಮುಚ್ಚಿತು. ಆ ಸಾಲಿನ ಅರ್ಥ ಏನು ಎಂದು ಸುಪ್ರೀಂ ಕೋರ್ಟ್ ಇವತ್ತಿಗೂ ಹೇಳಿಲ್ಲ.

ಕಡ್ಲೆಪುರಿ
ಅಂದರೆ ಯಾರಿಗೂ ನಷ್ಟ ಆಗಿಲ್ಲ ಅಂತಾ? ದೇಶಕ್ಕೇ ನಷ್ಟ ಆದರೆ?

ಕೋರ್ಟ್_ಕಟ್ಟೆ
ಎಲ್ಲರಿಗೂ ಸಮನಾಗಿ ಆದ ನಷ್ಟವನ್ನು ಆ ಕೋರ್ಟುಗಳು ರಾಜಕೀಯದ ಪ್ರಶ್ನೆ ಅಂತ ನೋಡುತ್ತವೆ. ಓಟು ಹಾಕಿ, ಇಲ್ಲವೇ ವಾಗ್ದಂಡನೆ ಮಾಡಿ ಅನ್ನುತ್ತವೆ.

ಡೆಟ್ರಾಯಿಟ್_ದೋಸೆ
ವಾಗ್ದಂಡನೆ ಅಂದಾಗ ನೆನಪಾಯಿತು. ನಮ್ಮ ಮಿಷಿಗನ್ನಿನ ಸಂಸತ್ ಸದಸ್ಯ ಶ್ರೀ ಥಾನೇದಾರ್ 2025ರ ಏಪ್ರಿಲ್‌ನಲ್ಲಿ ಟ್ರಂಪ್ ವಿರುದ್ಧ ವಾಗ್ದಂಡನೆ ನಿರ್ಣಯ ಮಂಡಿಸಿದರು. ಏಳು ಆರೋಪಗಳಲ್ಲಿ ಲಂಚ ಮತ್ತು ಭ್ರಷ್ಟಾಚಾರವೂ ಒಂದು. ಅವರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ.

ಉತ್ತರ_ಕಡೆಯವ
ನಮ್ಮ ಕಡೆಯವರೇ! ಆದರೆ ಅವರ ಪಕ್ಷದವರೇ ಜೊತೆಗೆ ನಿಲ್ಲಲಿಲ್ಲ. ಮೇ ತಿಂಗಳಲ್ಲಿ ಮತಕ್ಕೆ ಹಾಕಿ ಅನ್ನೋ ಒತ್ತಾಯ ಕೈಬಿಟ್ಟರು. ಬೆಳಗಾವಿಯ ಕುಂದಾ ಸಿಗುತ್ತಾ ಡೆಟ್ರಾಯಿಟ್‌ನಲ್ಲಿ?

ಡೆಟ್ರಾಯಿಟ್_ದೋಸೆ
ಊರಿಂದ ಬರುವವರು ತಂದರೆ ಮಾತ್ರ.

ಮಂಗ್ಳೂರು_ಮಾಣಿ
ನಮ್ಮ ಸಂವಿಧಾನದಲ್ಲೂ ಇಂಥದ್ದೇ ಉಂಟಲ್ಲ? 18ನೇ ವಿಧಿಯ ನಾಲ್ಕನೇ ಖಂಡ. ಸರ್ಕಾರದ ಹುದ್ದೆಯಲ್ಲಿರುವವರು ರಾಷ್ಟ್ರಪತಿಗಳ ಒಪ್ಪಿಗೆ ಇಲ್ಲದೆ ವಿದೇಶಿ ಸರ್ಕಾರದಿಂದ ಉಡುಗೊರೆ, ಸಂಭಾವನೆ, ಹುದ್ದೆ ಪಡೆಯಬಾರದು. ಅಮೆರಿಕದ ಸಾಲಿನ ಪಕ್ಕ ಇಟ್ಟು ಓದಿದರೆ ನೆಂಟಸ್ತನ ಗೊತ್ತಾಗುತ್ತದೆ. ನಮ್ಮ ಸಂವಿಧಾನ ಸಭೆಯ ಸಲಹೆಗಾರ ಬೆನೆಗಲ್ ನರಸಿಂಗ ರಾವ್ ನಮ್ಮ ಮಂಗಳೂರಿನಲ್ಲೇ ಹುಟ್ಟಿದವರು. 1947ರ ಕೊನೆಗೆ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಜೊತೆ ಮಾತಾಡಿ ಬಂದಿದ್ದರು.

ಪೊಟೊಮ್ಯಾಕ್_ಪದ್ಮ
ಒಂದು ಪ್ರಶ್ನೆ. ಒಪ್ಪಿಗೆ ಕೊಡುವವರು ಅಮೆರಿಕದಲ್ಲಿ ಸಂಸತ್ತು, ಭಾರತದಲ್ಲಿ ರಾಷ್ಟ್ರಪತಿ. ರಾಷ್ಟ್ರಪತಿ ಸಂಪುಟದ ಸಲಹೆ ಕೇಳಬೇಕು. ಹಾಗಾದರೆ ಭಾರತದ್ದು ಇನ್ನೂ ಸಡಿಲ ಅಲ್ವಾ?

ಮಂಗ್ಳೂರು_ಮಾಣಿ
ಕಾಗದದ ಮೇಲೆ ಹೌದು. ಆದರೆ ತೋಶಾಖಾನಾ ಪದ್ಧತಿ ಉಂಟು. ಮಂತ್ರಿ, ಅಧಿಕಾರಿ ಯಾರೇ ಆಗಲಿ, ವಿದೇಶದಲ್ಲಿ ಸಿಕ್ಕಿದ ಉಡುಗೊರೆ ಅಲ್ಲಿ ಜಮಾ ಆಗಬೇಕು. ಬೆಲೆ ಕಟ್ಟುತ್ತಾರೆ. ಮಿತಿಗಿಂತ ಜಾಸ್ತಿ ಇದ್ದರೆ ಸರ್ಕಾರದ್ದು.

ಕಡ್ಲೆಪುರಿ
ಮೊದಲು ನಮ್ಮ ನಿಗಮ ಮಂಡಳಿ ಕಥೆ ನೋಡಿ. ಮಂತ್ರಿ ಆಗದ ಶಾಸಕರಿಗೆಲ್ಲ ಅಧ್ಯಕ್ಷಗಿರಿ, ಕಾರು, ಕಚೇರಿ. ಲಾಭದ ಹುದ್ದೆ ಆಗಬಾರದು ಅಂತ ಕಾಯ್ದೆಯಲ್ಲೇ ವಿನಾಯಿತಿ. 2006ರಲ್ಲಿ ದಿಲ್ಲಿಯಲ್ಲೂ ಇದೇ ಆಯಿತು. ಜಯಾ ಬಚ್ಚನ್ ಅನರ್ಹರಾದರು, ಸೋನಿಯಾ ಗಾಂಧಿ ರಾಜೀನಾಮೆ ಕೊಟ್ಟು ಮತ್ತೆ ಗೆದ್ದು ಬಂದರು, ಆಮೇಲೆ ಪಟ್ಟಿಗೆ ವಿನಾಯಿತಿ ಸೇರಿಸುವ ಮಸೂದೆ ತಂದರು. ಅಬ್ದುಲ್ ಕಲಾಂ ಒಮ್ಮೆ ವಾಪಸ್ ಕಳಿಸಿದ್ದರು.

ನಿರ್ವಾಹಕ
ನಿಗಮ ಮಂಡಳಿಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಅಮೆರಿಕದ ವಿಷಯ ಮುಂದುವರಿಯಲಿ.

ಲೆಕ್ಕದ_ಪುಸ್ತಕ
ಹೋಟೆಲ್ ಈಗ ಹಳೇ ಕಥೆ, 2022ರಲ್ಲಿ 37.5 ಕೋಟಿ ಡಾಲರ್‌ಗೆ ಲೀಸ್ ಮಾರಾಟ ಆಯಿತು. ಎಲ್ಲರೂ ವಿಮಾನ ನೋಡುತ್ತಿದ್ದೀರಿ. ನನಗೆ ಹೆಚ್ಚು ಚಿಂತೆ ಕ್ರಿಪ್ಟೋ, ಅಂದರೆ ಡಿಜಿಟಲ್ ನಾಣ್ಯಗಳ ಬಗ್ಗೆ.

2025ರ ಜನವರಿಯಲ್ಲಿ, ಪ್ರಮಾಣವಚನಕ್ಕೆ ಮೂರು ದಿನ ಮೊದಲು ಟ್ರಂಪ್ ಹೆಸರಿನ ಮೀಮ್ ಕಾಯಿನ್ (ಹೆಸರಿನ ಜನಪ್ರಿಯತೆಯ ಮೇಲೆಯೇ ಓಡುವ ಡಿಜಿಟಲ್ ನಾಣ್ಯ) ಬಂತು. ಮೇ 22ರಂದು ಅದನ್ನು ಹೆಚ್ಚು ಇಟ್ಟುಕೊಂಡ 220 ಜನರಿಗೆ ವರ್ಜೀನಿಯಾದ ಅವರ ಗಾಲ್ಫ್ ಕ್ಲಬ್‌ನಲ್ಲಿ ಊಟ. ಹೋಟೆಲ್‌ನಲ್ಲಾದರೆ ಯಾವ ದೇಶದ ರಾಯಭಾರಿ ಎಷ್ಟು ಕೋಣೆ ಹಿಡಿದ ಎಂದು ಬಿಲ್ ನೋಡಿ ಹೇಳಬಹುದು. ಇಲ್ಲಿ ಕಾಣುವುದು ವಾಲೆಟ್ ನಂಬರ್ (ಹೆಸರಿಲ್ಲದ ಡಿಜಿಟಲ್ ಖಾತೆಯ ಸಂಖ್ಯೆ) ಮಾತ್ರ. ಹಿಂದೆ ಯಾರಿದ್ದಾರೋ ಆಡಿಟ್‌ನವನಿಗೆ ಹೇಗೆ ಗೊತ್ತಾಗಬೇಕು?

ಎರಡನೆಯದು ವರ್ಲ್ಡ್ ಲಿಬರ್ಟಿ ಫೈನಾನ್ಶಿಯಲ್, ಅವರ ಕುಟುಂಬದ ಪಾಲಿರುವ ಕಂಪನಿ. ಅದರ ಟೋಕನ್ ಮಾರಾಟದಿಂದ 5.7 ಕೋಟಿ ಡಾಲರ್ ಆದಾಯ ಎಂದು ಟ್ರಂಪ್ ಅವರೇ 2025ರ ಆಸ್ತಿ ಘೋಷಣೆಯಲ್ಲಿ ತೋರಿಸಿದ್ದಾರೆ. ಅದರ ಸ್ಟೇಬಲ್‌ಕಾಯಿನ್ (ಬೆಲೆಯನ್ನು ಡಾಲರ್‌ಗೆ ಕಟ್ಟಿಹಾಕಿದ ಡಿಜಿಟಲ್ ನಾಣ್ಯ) ಯುಎಸ್‌ಡಿ1. ಅಬುಧಾಬಿ ಸರ್ಕಾರದ ಬೆಂಬಲವಿರುವ ಹೂಡಿಕೆ ಕಂಪನಿ ಎಂಜಿಎಕ್ಸ್, ಕ್ರಿಪ್ಟೋ ವಿನಿಮಯ ಕಂಪನಿ ಬೈನಾನ್ಸ್‌ನಲ್ಲಿ 200 ಕೋಟಿ ಡಾಲರ್ ಹೂಡುವಾಗ ಅದೇ ನಾಣ್ಯ ಬಳಸಿತು. ಆ ನಾಣ್ಯಕ್ಕೆ ಹಿಂದೆ ಇಡುವ ಡಾಲರ್‌ಗೆ ಬಡ್ಡಿ ಬರುತ್ತದೆ, ಬಡ್ಡಿ ನಾಣ್ಯ ಹೊರಡಿಸಿದ ಕಂಪನಿಗೆ. ಜುಲೈನಲ್ಲಿ ಸ್ಟೇಬಲ್‌ಕಾಯಿನ್ ಕಾಯ್ದೆಗೆ ಸಹಿ ಹಾಕಿದವರು ಅಧ್ಯಕ್ಷರೇ. ಅಕ್ಟೋಬರ್‌ನಲ್ಲಿ ಬೈನಾನ್ಸ್ ಸ್ಥಾಪಕ ಚಾಂಗ್‌ಪೆಂಗ್ ಝಾವ್ ಅವರಿಗೆ ಕ್ಷಮಾದಾನ ಸಿಕ್ಕಿತು. ಶ್ವೇತಭವನ ಹಿತಾಸಕ್ತಿ ಸಂಘರ್ಷ ಏನೂ ಇಲ್ಲ ಅನ್ನುತ್ತದೆ. ಇರಲಿ. ಆದರೆ ಇಷ್ಟು ಘಟನೆಗಳನ್ನು ಒಂದೇ ಹಾಳೆಯಲ್ಲಿ ಬರೆದರೆ ಯಾವ ಆಡಿಟರ್ ಆದರೂ ಕೆಂಪು ಗೆರೆ ಎಳೆಯುತ್ತಾನೆ.

ಉತ್ತರ_ಕಡೆಯವ
ಕೆಂಪು ಗೆರೆ ಎಳೀರಿ. ಲಂಚ ಅಂತ ಸಾಬೀತು ಮಾಡಲು ಕೊಟ್ಟದ್ದಕ್ಕೂ ಪಡೆದದ್ದಕ್ಕೂ ನೇರ ಸಂಬಂಧ ತೋರಿಸಬೇಕು. ಅನುಮಾನದ ಮೇಲೆ ಯಾರನ್ನೂ ಅಪರಾಧಿ ಅನ್ನಲು ಬರಲ್ಲ.

ಕೋರ್ಟ್_ಕಟ್ಟೆ
ಸರಿಯಾದ ಮಾತು. ಅದಕ್ಕೇ ಈ ಸಾಲು ಬೇಕಾಗಿದ್ದು. ಲಂಚ ಸಾಬೀತು ಮಾಡುವುದು ಕಷ್ಟ ಎಂದು 1787ರಲ್ಲೂ ಗೊತ್ತಿತ್ತು. ಆದ್ದರಿಂದ ಉದ್ದೇಶ ಕೇಳುವ ಗೊಡವೆಯೇ ಬೇಡ, ತೆಗೆದುಕೊಳ್ಳುವ ಮೊದಲು ಸಂಸತ್ತಿಗೆ ಹೇಳಿ ಎಂದರು. ಪದ್ಮಾ ಅವರ ಸೀರೆಯೂ ಹಾಗೇ. ಕೊಟ್ಟವರ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ವಿಚಾರಣೆ ಮಾಡಲಿಲ್ಲ.

ಮತ್ತೆ ಸುಪ್ರೀಂ ಕೋರ್ಟಿನ 2024ರ ಜುಲೈ 1ರ ತೀರ್ಪು ಲಂಚದ ದಾರಿಯನ್ನು ಇನ್ನೂ ಕಿರಿದು ಮಾಡಿದೆ. ಅಧಿಕೃತ ಕೆಲಸಗಳಿಗೆ ಅಧ್ಯಕ್ಷರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವುದಕ್ಕೆ ದೊಡ್ಡ ಮಟ್ಟದ ರಕ್ಷಣೆ ಕೊಟ್ಟರು, 6–3. ಅಂಥ ಕೆಲಸಗಳನ್ನು ಸಾಕ್ಷ್ಯವಾಗಿ ಬಳಸುವುದಕ್ಕೂ ತಡೆ. ಬಹುಮತದಲ್ಲಿದ್ದ ನ್ಯಾಯಮೂರ್ತಿ ಏಮಿ ಬ್ಯಾರೆಟ್ ಆ ಒಂದು ಭಾಗಕ್ಕೆ ಒಪ್ಪಲಿಲ್ಲ, ಲಂಚದ ಕೇಸಿನ ಉದಾಹರಣೆಯನ್ನೇ ಕೊಟ್ಟು ಬರೆದರು. ಕ್ಷಮಾದಾನದ ಬಗ್ಗೆ ಕೇಳಲು ಆಗದಿದ್ದರೆ ಅದನ್ನು ಮಾರಿದರೋ ಇಲ್ಲವೋ ಹೇಗೆ ತೋರಿಸುವುದು?

ಹರಿಹರದ_ಹುಡುಗ
ಈಗ ನನಗೆ ಚಿತ್ರ ಸ್ಪಷ್ಟ ಆಯಿತು. ಸೆಕ್ಷನ್ 208 ಇಲ್ಲ, ಮಾರುವ ಕಡ್ಡಾಯ ಇಲ್ಲ, ಕೋರ್ಟಿನ ಬಾಗಿಲು ಕಿರಿದು, ಕ್ರಿಮಿನಲ್ ಕೇಸಿಗೆ ರಕ್ಷಣೆ. ಉಳಿದದ್ದು ಕಾಂಗ್ರೆಸ್. ಅವರು ಹೊಸ ಕಾಯ್ದೆ ಮಾಡಬಹುದಲ್ಲ?

ಕೋರ್ಟ್_ಕಟ್ಟೆ
ಮಾಡಲು ನೋಡಿದರು. 2021ರ ಡಿಸೆಂಬರ್‌ನಲ್ಲಿ ಪ್ರೊಟೆಕ್ಟಿಂಗ್ ಅವರ್ ಡೆಮಾಕ್ರಸಿ ಮಸೂದೆ ಪ್ರತಿನಿಧಿ ಸಭೆಯಲ್ಲಿ 220–208ರಿಂದ ಪಾಸಾಯಿತು. ವ್ಯವಹಾರದ ಲಾಭವೂ ನಿರ್ಬಂಧದೊಳಗೆ ಬರುತ್ತದೆ, ಸದನವೇ ಕೋರ್ಟಿಗೆ ಹೋಗಬಹುದು ಎಂದು ಅದರಲ್ಲಿತ್ತು. ಸೆನೆಟ್‌ನಲ್ಲಿ ಮುಂದೆ ಹೋಗಲಿಲ್ಲ. ಆಗ ಶ್ವೇತಭವನ, ಎರಡೂ ಸದನ ಡೆಮಾಕ್ರಟರ ಕೈಯಲ್ಲೇ ಇದ್ದವು, ಅದನ್ನೂ ಹೇಳಬೇಕು.

ಉತ್ತರ_ಕಡೆಯವ
ಇದನ್ನೇ ನಾನು ಮೊದಲಿನಿಂದ ಹೇಳ್ತಾ ಇರೋದು. ತಮ್ಮ ಕೈಯಲ್ಲಿ ಅಧಿಕಾರ ಇದ್ದಾಗ ಮಾಡಲಿಲ್ಲ. ಮಾಡಿ, ಎಲ್ಲಾ ಅಧ್ಯಕ್ಷರಿಗೂ ಮಾಡಿ, ಮಕ್ಕಳನ್ನೂ ಸೇರಿಸಿ, ನಾನು ಬೆಂಬಲಿಸುತ್ತೇನೆ. ಹಂಟರ್‌ನಿಂದ ಹಿಡಿದು ಸೌದಿ ನಿಧಿಯಿಂದ 200 ಕೋಟಿ ಡಾಲರ್ ಪಡೆದ ಅಳಿಯ ಕುಶ್ನರ್ ತನಕ.

ಪೊಟೊಮ್ಯಾಕ್_ಪದ್ಮ
ನೀವು ಕುಶ್ನರ್ ಹೆಸರು ತೆಗೆದದ್ದು ಸಂತೋಷ. ಆದರೆ ಬೆಳೆದ ಮಕ್ಕಳ ವ್ಯವಹಾರಕ್ಕೆ ಸೆಕ್ಷನ್ 208 ನಮಗೂ ಅನ್ವಯಿಸಲ್ಲ, ಚಿಕ್ಕ ಮಕ್ಕಳು ಮಾತ್ರ. ಅಲ್ಲಿಂದಲೇ ತಿದ್ದಬೇಕು.

ಕೋರ್ಟ್_ಕಟ್ಟೆ
ನನ್ನ ಪ್ರಕಾರ ಮೊದಲು ಬೇಕಾದದ್ದು ಅದಲ್ಲ. ಯಾರು ಕೇಸು ಹಾಕಬಹುದು ಎಂದು ಹೆಸರಿಸುವ ಕಾಯ್ದೆ. ರಾಜ್ಯಗಳಿಗೆ ಆ ಹಕ್ಕು ಕೊಡಲಿ, ತೊಂಬತ್ತು ದಿನದಲ್ಲಿ ವಿಚಾರಣೆ ಮುಗಿಯಲಿ.

ಲೆಕ್ಕದ_ಪುಸ್ತಕ
ರಾಜ್ಯಗಳಿಗೆ ಕೊಟ್ಟರೆ ಎದುರು ಪಕ್ಷದ ಅಟಾರ್ನಿ ಜನರಲ್‌ಗಳೆಲ್ಲ ಪ್ರತಿ ಅಧ್ಯಕ್ಷರ ಮೇಲೂ ಮೊದಲ ವಾರವೇ ಕೇಸು ಹಾಕುತ್ತಾರೆ. ಬೇಡ. ಸಂಸತ್ತಿಗೆ ಉತ್ತರ ಕೊಡುವ ಆಡಿಟ್ ಸಂಸ್ಥೆ ಅಲ್ಲೇ ಇದೆ, ಜಿಎಒ. ಅಧ್ಯಕ್ಷರ ವ್ಯವಹಾರದ ಪುಸ್ತಕ ಪ್ರತಿ ಮೂರು ತಿಂಗಳಿಗೆ ಅದರ ಮುಂದೆ ಬರಲಿ, ವಾಲೆಟ್ ನಂಬರ್ ಹಿಂದಿನ ಹೆಸರು ಸಮೇತ.

ಕೋರ್ಟ್_ಕಟ್ಟೆ
ಪುಸ್ತಕ ಕೊಡಲ್ಲ ಎಂದರೆ? ಸಂಸತ್ತು ಟ್ರಂಪ್ ಅವರ ಹಣಕಾಸು ದಾಖಲೆ ಕೇಳಿದ ಮಜಾರ್ಸ್ ಕೇಸು 2019ರಲ್ಲಿ ಶುರುವಾಗಿ ಅವರು ಇಳಿದ ಮೇಲೂ ಎಳೆಯಿತು. ಮತ್ತೆ ಕೋರ್ಟಿಗೇ ಬರಬೇಕು, ಆಗ ಬರುವವರು ಯಾರು ಅಂತ ಕಾಯ್ದೆಯಲ್ಲಿ ಬರೆದಿರಲೇಬೇಕು.